ಸೊಲ್ಲಾಪುರದ ಸ್ವಂತ ಮನೆ

ಕೂಡ್ಲಿಗಿ ಬಸ್ ನಿಲ್ದಾಣದ ಕಂಟ್ರೋಲರ್ ಗುರುಬಸವರಾಜನಿಗೆ ಕುಸ್ತಿಯ ವಿಷಯದಲ್ಲಿ ಇದ್ದ ಅಧಿಕಾರವನ್ನು ಊರಿನಲ್ಲಿ ಯಾರೂ ಪ್ರಶ್ನಿಸಿರಲಿಲ್ಲ. ಪ್ರಶ್ನಿಸುವಷ್ಟು ಕುಸ್ತಿ ಯಾರಿಗೂ ಗೊತ್ತಿರಲಿಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣ. ಇಪ್ಪತ್ತನೇ ವಯಸ್ಸಿನಲ್ಲಿ ಅವನು ಹಿರೇಹಡಗಲಿಯ ಅಖಾಡಕ್ಕೆ ಒಮ್ಮೆ ಇಳಿದಿದ್ದ. ತೊಡೆ ತಟ್ಟಿದ್ದು ನೆನಪಿತ್ತು, ಆಮೇಲೆ ಆಕಾಶ ಕಂಡದ್ದು ನೆನಪಿತ್ತು. ನಡುವೆ ಏನಾಯಿತೆಂಬುದನ್ನು ನೋಡಿದವರಿಂದ ಕೇಳಿ ತಿಳಿಯಬೇಕಾಯಿತು. ಆ ಅನುಭವದ ಬಲದ ಮೇಲೆ ಇಪ್ಪತ್ತೈದು ವರ್ಷಗಳಿಂದ ಅವನು ಬಸ್ಸುಗಳನ್ನು ಕಳಿಸುತ್ತ, ಬಿಡುವಾದಾಗಲೆಲ್ಲ ದೊಡ್ಡಬೀರಪ್ಪನ ಚಹಾದಂಗಡಿಯಲ್ಲಿ ಕೂತು ಪಟ್ಟುಗಳನ್ನು ವಿವರಿಸುತ್ತ ಬಂದಿದ್ದ. ವಿವರಣೆಗೆ ಎದುರಿಗಿದ್ದವರ ಕುತ್ತಿಗೆಯನ್ನೇ ಬಳಸುತ್ತಿದ್ದುದರಿಂದ ಜನ ತುಸು ದೂರ ಸರಿದು ಕೂರುತ್ತಿದ್ದರು.

ಎರಡು ಸಾವಿರದ ಎಂಟನೇ ಇಸವಿಯ ಫೆಬ್ರುವರಿಯಲ್ಲಿ ಒಂದು ದಿನ, ಚಹಾ ಕುಡಿಯಲು ನಿಂತ ಲಾರಿ ಡ್ರೈವರೊಬ್ಬ ಸುಮ್ಮನಿರಲಾರದೆ ಒಂದು ಮಾತು ಆಡಿದ.

"ಮರಾಠಿ ಚಾನೆಲ್ಲಿನ್ಯಾಗ ದೊಡ್ಡ ದೊಡ್ಡ ಕುಸ್ತಿ ತೋರಸಾಕತ್ತಾರ್ರೀ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಫೈನಲ್ಲು. ನಿಮ್ಮ ಕಡೆ ಅದು ಬರಂಗಿಲ್ಲೇನು?"

ಗುರುಬಸವರಾಜ ಲೋಟ ಕೆಳಗಿಟ್ಟ. "ಬರಂಗಿಲ್ಲ ಅಂದ್ರೇನು? ನಮ್ಮ ಮನ್ಯಾಗ ಬರ್ತತಿ. ನಾ ದಿನಾ ನೋಡ್ತೀನಿ."

ಹೀಗೆ ಹೇಳಬೇಕೆಂದು ಅವನು ಅಂದುಕೊಂಡಿರಲಿಲ್ಲ. ಮಾತು ತಾನಾಗಿಯೇ ಹೊರಟುಹೋಯಿತು. ಹೊರಟ ಬಸ್ಸನ್ನು ಹಿಂದಕ್ಕೆ ಕರೆಯುವುದು ಹೇಗೆಂದು ಗೊತ್ತಿದ್ದ ಅವನಿಗೆ ಹೊರಟ ಮಾತನ್ನು ಹಿಂದಕ್ಕೆ ಕರೆಯುವುದು ಗೊತ್ತಿರಲಿಲ್ಲ.

ಹಾಲು ಕಲಕುತ್ತಿದ್ದ ದೊಡ್ಡಬೀರಪ್ಪ ತಿರುಗಿ ನೋಡಿದ. "ಹಂಗಾದ್ರ ಫೈನಲ್ಲು ನಿಮ್ಮ ಮನ್ಯಾಗ ನೋಡಾಣ ಬಿಡ್ರಿ. ನಾ ಅಂಗಡಿ ಮುಚ್ಚಿ ಬರ್ತೀನಿ."

ದೊಡ್ಡಬೀರಪ್ಪ ತನ್ನ ಮದುವೆಯ ದಿನವೂ ಮಧ್ಯಾಹ್ನದ ಮೇಲೆ ಅಂಗಡಿ ತೆಗೆದಿದ್ದವನು. ಅವನು ಮುಚ್ಚುತ್ತೇನೆ ಎಂದ ಮೇಲೆ ಅದು ಊರಿನ ಕಾರ್ಯಕ್ರಮವೇ ಆಯಿತು. ಅಲ್ಲಿದ್ದ ಏಳೆಂಟು ಜನ ತಾವೂ ಬರುವುದಾಗಿ ಹೇಳಿದರು. "ಬರ್ರಿ, ಎಲ್ಲಾರೂ ಬರ್ರಿ," ಎಂದು ಗುರುಬಸವರಾಜ ಗಂಭೀರವಾಗಿ ಹೇಳಿ, ಹಡಗಲಿ ಬಸ್ಸನ್ನು ಮೂರು ನಿಮಿಷ ಮೊದಲೇ ಕಳಿಸಿಬಿಟ್ಟ.

ಅವನ ಮನೆಯಲ್ಲಿ ಟೀವಿ ಇತ್ತು ಎಂಬುದು ನಿಜ. ಮಾಳಿಗೆಯ ಮೇಲಿನ ಹಳೆಯ ಆಂಟೆನಾ ಗಾಳಿ ಅನುಕೂಲವಾಗಿದ್ದಾಗ ಒಂದೇ ಒಂದು ಚಾನೆಲ್ ತೋರಿಸುತ್ತಿತ್ತು. ಅದರಲ್ಲಿ ಹೆಚ್ಚಾಗಿ ಟೊಮೆಟೊ ರೋಗಗಳ ಬಗ್ಗೆ ಮಾತಾಡುತ್ತಿದ್ದರು.

ಮರುದಿನ ಅವನು ಹೆದ್ದಾರಿ ಪಕ್ಕದ ಯರ್ರಿಸ್ವಾಮಿಯ ಅಂಗಡಿಗೆ ಹೋದ. ಯರ್ರಿಸ್ವಾಮಿ ಸುತ್ತಲಿನ ನಾಲ್ಕು ತಾಲ್ಲೂಕುಗಳ ಮಾಳಿಗೆಗಳ ಮೇಲೆ ಡಿಷ್ ಕೂರಿಸುವವನು.

"ಮರಾಠಿ ಬೇಕೇನ್ರಿ?" ಎಂದು ಯರ್ರಿಸ್ವಾಮಿ ಯೋಚಿಸಿದ. "ಹಂಗಾದ್ರ ನೀವು ಕೂಡ್ಲಿಗ್ಯಾಗ ಇರಾಕ ಬರಂಗಿಲ್ರಿ."

"ಎಲ್ಲಿಗೆ ಹೋಗ್ಲಪ್ಪ ನಾನು?"

"ನೀವು ಹೋಗಬ್ಯಾಡ್ರಿ. ನಿಮ್ಮ ಅಡ್ರೆಸ್ ಹೋದ್ರ ಸಾಕು." ಅವನು ಸ್ಕ್ರೂಡ್ರೈವರನ್ನು ಆಕಾಶದ ಕಡೆ ತೋರಿಸಿ ವಿವರಿಸಿದ. "ಮ್ಯಾಲಿಂದ ಎಲ್ಲಾ ಚಾನೆಲ್ಲೂ ಎಲ್ಲಾರ ಮನಿ ಮ್ಯಾಲೂ ಬೀಳ್ತಾವ್ರಿ, ಮಳಿ ಬಿದ್ದಂಗ. ಆದ್ರ ಕಂಪನಿಯವರು ಕರ್ನಾಟಕದ ಮನಿಗೆ ಕನ್ನಡದ ಗಂಟು, ಮಹಾರಾಷ್ಟ್ರದ ಮನಿಗೆ ಮರಾಠಿ ಗಂಟು ಅಂತ ಕಟ್ಟಿಟ್ಟಾರ. ನಿಂದು ಯಾವೂರು ಅಂತ ಟೀವಿಗೆ ಹಚ್ಚೋ ಡಬ್ಬಿ ಕೇಳ್ತತಿ. ನಾವು ಹೇಳಿದ್ದನ್ನ ನಂಬ್ತತಿ. ಪಾಪ, ಅದಕ್ಕ ಕಣ್ಣಿಲ್ಲ."

ಅವನು ಮೇಜಿನ ಖಾನೆಯಿಂದ ಎಣ್ಣೆ ಹತ್ತಿದ ಒಂದು ನೋಟುಬುಕ್ಕು ತೆಗೆದ. ಅದರಲ್ಲಿ ಊರುಗಳಿದ್ದವು.

"ಡೆಲ್ಲಿಯಾಗ ಜಾಗ ಇಲ್ರಿ, ಒಂದ ಕೋಣ್ಯಾಗ ಹನ್ನೊಂದು ಸಂಸಾರ ಇಟ್ಟೀನಿ. ಪಾಟ್ನಾ ಪೂರ್ತಿ ಖಾಲಿ ಐತಿ. ನಿಮ್ಮ ಪುಣ್ಯ, ಒಬ್ರ ಇರಬಹುದು."

"ಪಾಟ್ನಾದಾಗ ಮರಾಠಿ ಬರ್ತತೇನು?"

"ಬರಂಗಿಲ್ಲ. ಮರಾಠಿಗೆ ಪುಣೆ, ಕೊಲ್ಲಾಪುರ, ಸೊಲ್ಲಾಪುರ ಅದಾವ ನೋಡ್ರಿ."

ಗುರುಬಸವರಾಜ ಕುರ್ಚಿ ಎಳೆದುಕೊಂಡು ಕೂತ. ಇಪ್ಪತ್ತೈದು ವರ್ಷದಲ್ಲಿ ಮೂರು ಸಲ ವರ್ಗಾವಣೆ ತಪ್ಪಿಸಿಕೊಂಡವನು, ಹಗರಿಬೊಮ್ಮನಹಳ್ಳಿಗೂ ಹೋಗಲೊಪ್ಪದವನು, ಊರು ಬಿಡುವ ವಿಷಯವನ್ನು ಹಗುರವಾಗಿ ತೀರ್ಮಾನಿಸುವ ಹಾಗಿರಲಿಲ್ಲ.

"ಪುಣೆ ದೂರ ಆತು. ಕೊಲ್ಲಾಪುರದಾಗ ಮಳಿ ಭಾಳ, ನಮ್ಮ ಮನಿಯಾಕೀಗೆ ಉಬ್ಬಸ ಐತಿ."

"ಹಂಗಾದ್ರ ಸೊಲ್ಲಾಪುರ ತಗಳ್ರಿ. ಒಣ ಹವಾ, ಥೇಟ್ ನಮ್ಮ ಕೂಡ್ಲಿಗಿ. ಜ್ವಾಳದ ರೊಟ್ಟಿ ಸಿಗ್ತತಿ, ಕನ್ನಡ ಮಾತಾಡೋ ಮಂದಿ ಅದಾರ."

ರೊಟ್ಟಿಯ ಮಾತು ಕೇಳಿ ಗುರುಬಸವರಾಜನಿಗೆ ಸಮಾಧಾನವಾಯಿತು. "ಮನಿ ಹೆಂಗೈತಿ?"

"ನಾ ನೋಡಿಲ್ರಿ. ಒಂದು ಮದುವಿ ಕಾರ್ಡಿನ ಮ್ಯಾಲೆ ಇತ್ತು ಈ ಅಡ್ರೆಸ್ಸು. ಮದುವಿ ಅಲ್ಲೇ ಅಂಗಳದಾಗ ಮಾಡ್ಯಾರ. ಅಂದ್ರ ದೊಡ್ಡ ಮನಿನ ಇರಬೇಕು." ಅರ್ಜಿ ತುಂಬಿದ ಮೇಲೆ ಯರ್ರಿಸ್ವಾಮಿ ದನಿ ತಗ್ಗಿಸಿದ. "ಕಂಪನಿಯಿಂದ ಫೋನ್ ಬರ್ತತಿ. ಸೊಲ್ಲಾಪುರದಾಗ ಅದೀನಿ ಅನ್ರಿ. ಮತ್ತ ಈ ವಿಷಯ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ಮನಿ ಮಂದಿ ಮುಂದೂ. ಕಂಪನಿ ಮಂದಿ ಎಲ್ಲಾರಂಗ ಅರಬಿ ಹಾಕ್ಕೊಂಡು ಊರಾಗ ಅಡ್ಡಾಡ್ತಿರ್ತಾರ. ಗೊತ್ತಾದ್ರ ಅವತ್ತ ಕಟ್."

ಈ ಕೊನೆಯ ಮಾತನ್ನು ಯರ್ರಿಸ್ವಾಮಿ ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದ. ಗುರುಬಸವರಾಜ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡ.

ಗುರುವಾರ ಮಾಳಿಗೆಯ ಮೇಲೆ ಡಿಷ್ ಬಂತು. ಡಬ್ಬಿ ಬಂತು. ಶುಕ್ರವಾರ ಬೆಳಿಗ್ಗೆ, ಅವನು ಅಂಗಳದಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದಾಗ, ಮೊಬೈಲಿಗೆ ಕಂಪನಿಯ ಫೋನೂ ಬಂತು. ಆ ಕಡೆಯ ಹುಡುಗಿ ಹಿಂದಿಯಲ್ಲಿ ಕೇಳಿದಳು. ಗುರುಬಸವರಾಜ ಬಸ್ ನಿಲ್ದಾಣದಲ್ಲಿ ಕಲಿತ ಹಿಂದಿಯಲ್ಲಿ, ಬಸ್ ನಿಲ್ದಾಣದಲ್ಲಿ ಮಾತಾಡುವಷ್ಟೇ ಜೋರಾಗಿ ಉತ್ತರಿಸಿದ.

"ಹಾಂ ಜೀ! ಸೊಲ್ಲಾಪುರ! ಖುದ್ ಕಾ ಮಕಾನ್! ಬಾರಾ ಸಾಲ್ ಹೋ ಗಯಾ!"

ಅಷ್ಟರಲ್ಲಿ ಬೀದಿಯಲ್ಲಿ ಒಬ್ಬಳು "ಮೆಂತ್ಯಾ, ರಾಜಗಿರಿ, ಪುಂಡೀ ಪಲ್ಯೇ" ಎಂದು ಕೂಗಿಕೊಂಡು ಹೋದಳು. ಆ ಕಡೆಯ ಹುಡುಗಿ ಏನೋ ಕೇಳಿದಳು.

"ಸೊಲ್ಲಾಪುರ ಮೇ ಕನ್ನಡ ಲೋಗ್ ಬಹುತ್ ಹೈ!" ಎಂದ ಗುರುಬಸವರಾಜ. "ಮಕಾನ್ ಬಹುತ್ ಬಡಾ ಹೈ! ಆಂಗನ್ ಭೀ ಹೈ! ಶಾದಿ ಕರ್ ಸಕತೇ!"

ಇಷ್ಟು ಮಾತನ್ನು ಇಬ್ಬರು ಕೇಳಿಸಿಕೊಂಡರು. ಒಬ್ಬಳು ಒಲೆಯ ಮುಂದಿದ್ದ ಅವನ ಹೆಂಡತಿ ಗಂಗಾಂಬಿಕಾ. ಇನ್ನೊಬ್ಬಳು ಹೆಪ್ಪಿಗೆ ಮಜ್ಜಿಗೆ ಕೇಳಲು ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ ಪಕ್ಕದ ಮನೆಯ ಅಂಜಿನಕ್ಕ. ಅಂಜಿನಕ್ಕನ ಮನೆಯಲ್ಲಿ ಎರಡು ವರ್ಷದಿಂದ ಹಿಂದಿ ಧಾರಾವಾಹಿಗಳು ದಿನವಿಡೀ ಓಡುತ್ತಿದ್ದುದರಿಂದ ಅವಳಿಗೆ ಆ ಭಾಷೆಯಲ್ಲಿ ಮನೆ, ಮದುವೆ, ಮೋಸ ಎಂಬ ಮೂರು ಪದಗಳು ಚೆನ್ನಾಗಿ ತಿಳಿಯುತ್ತಿದ್ದವು.

"ಗಂಗಾಂಬಿಕಾ," ಎಂದಳು ಅಂಜಿನಕ್ಕ ಪಿಸುದನಿಯಲ್ಲಿ. "ಸೊಲ್ಲಾಪುರದಾಗ ಮನಿ ಐತಂತ. ಹನ್ನೆರಡು ವರ್ಷ ಆತಂತ. ಶಾದಿ ಅಂದಿದ್ದು ಕೇಳಿದ್ಯೇನು? ಅಲ್ಲಿ ಯಾರನ್ನ ಇಟ್ಟಾನವ್ವಾ?"

ಗಂಗಾಂಬಿಕಾ ರೊಟ್ಟಿ ತಿರುವಿಹಾಕಿದಳು. ಅವಳು ಯಾವುದನ್ನೂ ಅವಸರದಲ್ಲಿ ನಂಬುವವಳಲ್ಲ. ಯೋಚಿಸಿಯೇ ಹೇಳಿದಳು: "ಆ ಮನಷ್ಯಾಗ ಒಬ್ಬಾಕಿ ಹೆಂಡ್ತಿಗೆ ಉತ್ತರ ಕೊಡಾಕ ಬರಂಗಿಲ್ಲ, ಇನ್ನೊಬ್ಬಾಕಿನ್ನ ಏನು ಇಡ್ತಾನ. ಮನಿ ಐತಿ. ಮನಿ ಅಷ್ಟ ಐತಿ. ನನಗ ಹೇಳದಂಗ ಕಟ್ಟಿಸ್ಯಾನ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಎಲ್ಲವೂ ತಿಳಿಯಾಯಿತು. ಬರುವ ತಿಂಗಳು ಅವರ ಮದುವೆಯಾಗಿ ಇಪ್ಪತ್ತು ವರ್ಷ. ಇದುವರೆಗೆ ಗಂಡ ಅವಳಿಗೆ ಅಚ್ಚರಿಯಾಗುವಂಥದ್ದು ಒಂದನ್ನೂ ಕೊಟ್ಟಿರಲಿಲ್ಲ. ಎಲ್ಲವನ್ನೂ ಕೂಡಿಟ್ಟು ಒಂದೇ ಸಲ ಕೊಡುವುದಿದ್ದೀತು. ಮುಚ್ಚಿಟ್ಟವನನ್ನು ಕೆದಕಿ ಕೇಳುವುದು ಚೆಂದವಲ್ಲ. ತಾನಾಗಿ ಹೇಳಲಿ.

ಅವತ್ತಿನಿಂದ ಗುರುಬಸವರಾಜನ ತಟ್ಟೆಗೆ ತುಪ್ಪ ಬೀಳತೊಡಗಿತು. ಅವನ ಚೀಲದಲ್ಲಿ ಶೇಂಗಾ ಹೋಳಿಗೆ ಕಂಡವು. ಟೀವಿ ಇಷ್ಟು ಬೇಗ ಸಂಸಾರವನ್ನು ಸುಧಾರಿಸುತ್ತದೆಂದು ಗೊತ್ತಿದ್ದರೆ ಹತ್ತು ವರ್ಷ ಮೊದಲೇ ಡಿಷ್ ಹಾಕಿಸುತ್ತಿದ್ದೆ ಎಂದು ಅವನು ಅಂದುಕೊಂಡ.

ಶನಿವಾರ ಊಟಕ್ಕೆ ಕೂತಾಗ ಗಂಗಾಂಬಿಕಾ ಮೆಲ್ಲಗೆ ಕೇಳಿದಳು. "ರೀ, ಎಲ್ಲಾರಿಗೂ ಯಾವಾಗ ತೋರಸ್ತೀರಿ?"

ಫೈನಲ್ ವಿಷಯ ಅವಳಿಗೂ ತಿಳಿಯಿತಲ್ಲ ಎಂದು ಗುರುಬಸವರಾಜ ಹಿಗ್ಗಿದ. "ಮುಂದಿನ ಭಾನುವಾರ ಮಧ್ಯಾಹ್ನ. ಓಣಿ ಮಂದೀನ್ನೆಲ್ಲಾ ಕರದೀನಿ."

"ಓಣಿ ಮಂದಿ ಅಷ್ಟನಾ? ನಮ್ಮ ಮಂದಿ ಬ್ಯಾಡೇನು? ಚಿಗಟೇರಿ ದೊಡ್ಡವ್ವನ್ನ ಬಿಟ್ರ ಆಕಿ ಸಾಯೋತನಕ ಅಂತಾಳ."

"ದೊಡ್ಡವ್ವಗ ಇದರಾಗ ಆಸಕ್ತಿ ಐತೇನು?"

"ಇಲ್ಲದ ಏನು! ಭಾಳ ಆಸಕ್ತಿ."

ಎಂಬತ್ತು ವರ್ಷದ ಮುದುಕಿಗೆ ಕುಸ್ತಿಯ ಹುಚ್ಚಿದ್ದದ್ದು ಗುರುಬಸವರಾಜನಿಗೆ ಹೊಸ ಸುದ್ದಿ. ಆದರೂ ಅವಳ ಮೇಲೆ ಗೌರವ ಹೆಚ್ಚಿತು. "ಕರಿ ಹಂಗಾದ್ರ."

"ಮೊದಲ ಹಾಲು ಉಕ್ಕಸಬೇಕಲ್ರೀ?"

"ಉಕ್ಕಸು. ಮಂದಿ ಬಂದ್ರ ಚಾಕ್ಕ ಬೇಕಾಗ್ತತಿ."

ಗಂಗಾಂಬಿಕಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಯಿರಬೇಕೆಂದುಕೊಂಡು ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಇತ್ತ ಅಂಜಿನಕ್ಕನೂ ಸುಮ್ಮನಿರಲಿಲ್ಲ. ಸೋಮವಾರದ ಹೊತ್ತಿಗೆ ಸುದ್ದಿ ಬಸ್ ನಿಲ್ದಾಣ ಮುಟ್ಟಿತು. ಅಲ್ಲಿಗೆ ಮುಟ್ಟಿದ ಸುದ್ದಿ ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಿಗೆ ಹೋಗಲು ಬೇರೆ ವ್ಯವಸ್ಥೆಯೇನೂ ಬೇಕಿರಲಿಲ್ಲ. ಕೊಟ್ಟೂರಿನಲ್ಲಿ ಅದು ಎರಡಂತಸ್ತಿನ ಮನೆಯಾಯಿತು. ಹಡಗಲಿಗೆ ಹೋಗಿ ಬರುವಷ್ಟರಲ್ಲಿ ಕೆಳಗೆ ಮಗ್ಗಗಳನ್ನೂ ಹಾಕಿಸಲಾಗಿತ್ತು. ಕಂಡಕ್ಟರುಗಳು ಟಿಕೆಟ್ ಪೆಟ್ಟಿಗೆ ಹಿಡಿದು ಬಂದು, "ಏನ್ ಸಾರ್, ನಮಗ ಹೇಳಲಿಲ್ಲ," ಎಂದರು. ಗುರುಬಸವರಾಜ ಬೆವತ. ಇವರಲ್ಲಿ ಕಂಪನಿಯವರು ಯಾರೋ ಬಲ್ಲವರಾರು! ಇಲ್ಲ ಎಂದರೆ ಡಿಷ್ ಕಟ್ ಆಗುತ್ತದೆ, ಹೌದು ಎಂದರೆ ಸುಳ್ಳಾಗುತ್ತದೆ. ಅವನು ಎರಡರ ನಡುವಿನ ಒಂದು ಸದ್ದು ಮಾಡಿ ಮೈಕಿನಲ್ಲಿ ಇನ್ನೂ ಬಾರದ ಬಸ್ಸೊಂದನ್ನು ಹೊರಡಿಸಿದ.

ಬುಧವಾರ ಮತದಾರರ ಪಟ್ಟಿ ತಿದ್ದುವ ಕೆಲಸದ ಮೇಲೆ ಮರುಳಪ್ಪ ಮೇಷ್ಟ್ರು ಓಣಿಗೆ ಬಂದಿದ್ದರು. ನಿಯಮದ ವಿಷಯದಲ್ಲಿ ಅವರು ತಮ್ಮ ಸ್ವಂತ ತಮ್ಮನನ್ನೂ ಒಮ್ಮೆ ಫೇಲು ಮಾಡಿದವರು. ಮನೆಯ ಬೀಗ ನೋಡಿ ಪಕ್ಕದ ಅಂಜಿನಕ್ಕನನ್ನು ವಿಚಾರಿಸಿ, ಅಲ್ಲಿಂದ ನೇರ ಬಸ್ ನಿಲ್ದಾಣಕ್ಕೆ ನಡೆದರು.

"ಗುರುಬಸವರಾಜ್, ನೀವು ಈ ಊರಾಗ ಇಲ್ಲ."

"ನಿಮ್ಮ ಮುಂದ ನಿಂತೀನಲ್ರಿ ಸಾರ್."

"ನಿಂದ್ರೋದು ಬ್ಯಾರೆ, ವಾಸ ಬ್ಯಾರೆ. ಬಸ್ ಸ್ಟ್ಯಾಂಡಿನ್ಯಾಗ ದಿನಾ ಸಾವಿರ ಮಂದಿ ನಿಂದ್ರತಾರ, ಅವರನ್ನೆಲ್ಲಾ ನಾ ಪಟ್ಟಿಗೆ ಹಾಕಾಕ ಆಗತೈತೇನು? ಸೊಲ್ಲಾಪುರದಾಗ ಸ್ವಂತ ಮನಿ, ಹನ್ನೆರಡು ವರ್ಷದ ವಾಸ. ನೀವ ಹೇಳಿದ್ದಂತ. ಹೌದೋ ಅಲ್ಲೋ?"

ಗುರುಬಸವರಾಜ ಮೇಷ್ಟ್ರ ಮುಖ ನೋಡಿದ. ಯರ್ರಿಸ್ವಾಮಿ ಹೇಳಿದ್ದು ನೆನಪಾಯಿತು. ಮೇಷ್ಟ್ರು ಎಲ್ಲರಂತೆಯೇ ಬಟ್ಟೆ ಹಾಕಿಕೊಂಡಿದ್ದರು. ಫೈನಲ್ಲಿಗೆ ಇನ್ನು ನಾಲ್ಕೇ ದಿನ.

"ಹೌದ್ರಿ," ಎಂದ.

ಮರುಳಪ್ಪ ಮೇಷ್ಟ್ರು ಕೆಂಪು ಪೆನ್ನು ತೆಗೆದು ಗಂಡ ಹೆಂಡತಿ ಇಬ್ಬರ ಹೆಸರಿನ ಮುಂದೆಯೂ 'ಸ್ಥಳಾಂತರ' ಎಂದು ಬರೆದುಕೊಂಡರು. ಇಪ್ಪತ್ತೈದು ವರ್ಷ ಒಂದೇ ಮೇಜಿನ ಹಿಂದೆ ಕೂತವನನ್ನು ಅಲ್ಲಿಂದ ಅಲ್ಲಾಡಿಸಲು ಇಲಾಖೆಗೆ ಆಗಿರಲಿಲ್ಲ. ಮೇಷ್ಟ್ರು ಒಂದು ಪೆನ್ನಿನಲ್ಲಿ ಮುಗಿಸಿದರು.

ಗಂಗಾಂಬಿಕಾಳ ತಮ್ಮ ಗವಿಸಿದ್ದೇಶ ಹರಪನಹಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಚಾದರ ತರಲು ಆಗಾಗ ಸೊಲ್ಲಾಪುರಕ್ಕೆ ಹೋಗಿ ಲಾಡ್ಜಿನ ತಿಗಣೆಗಳಿಗೆ ಆಹಾರವಾಗಿ ಬರುತ್ತಿದ್ದ. ಅಕ್ಕನ ಮನೆ ಅಲ್ಲೇ ಇದೆಯೆಂದು ಕೇಳಿ ಅವನು ಗುರುವಾರ ಕೂಡ್ಲಿಗಿಗೆ ಓಡಿಬಂದ. ಮಾವ ಡ್ಯೂಟಿಯ ಮೇಲಿದ್ದ.

"ಹೋಗಿ ಬಾ," ಎಂದಳು ಗಂಗಾಂಬಿಕಾ. "ಆದ್ರ ನೋಡಿದೆ ಅಂತ ನಿಮ್ಮ ಮಾವಗ ಹೇಳಬ್ಯಾಡ. ಪಾಪ, ಭಾನುವಾರ ತಾನಾಗಿ ಹೇಳ್ಲಿ. ಅಡಿಗಿ ಮನಿ ಯಾವ ದಿಕ್ಕಿಗೈತಿ, ನೋಡ್ಕೊಂಡು ಬಾ."

ಟೀವಿಯ ಹಿಂದೆ ಸಿಕ್ಕಿಸಿಟ್ಟಿದ್ದ ಅರ್ಜಿಯ ನಕಲಿನಲ್ಲಿ ಅಡ್ರೆಸ್ಸು ಸ್ಪಷ್ಟವಾಗಿತ್ತು. ಗವಿಸಿದ್ದೇಶ ಅದನ್ನು ಬರೆದುಕೊಂಡು ಹೊರಟ.

ಭಾನುವಾರ ಮಧ್ಯಾಹ್ನ ಎರಡೂವರೆಗೆ ಗುರುಬಸವರಾಜನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡಬೀರಪ್ಪ ಅಂಗಡಿ ಮುಚ್ಚಿ, ಯಾರೂ ನಂಬುವುದಿಲ್ಲವೆಂದು ಬೀಗದ ಕೈಯನ್ನೂ ಹಿಡಿದುಕೊಂಡು ಬಂದಿದ್ದ. ಪಶು ಆಸ್ಪತ್ರೆಯ ಉಚ್ಚಂಗೆಪ್ಪ ಬಂದಿದ್ದ. ಮರುಳಪ್ಪ ಮೇಷ್ಟ್ರೂ ಬಂದು, ಊರಿನಲ್ಲಿಲ್ಲದ ವ್ಯಕ್ತಿಯ ಮನೆಯಲ್ಲಿ ಸಂಕೋಚದಿಂದ ಅರ್ಧ ಕುರ್ಚಿಯ ಮೇಲೆ ಕೂತಿದ್ದರು. ಗುರುಬಸವರಾಜನಿಗೆ ಅರ್ಥವಾಗದೆ ಇದ್ದದ್ದು ಚಿಗಟೇರಿಯಿಂದ, ಹಿರೇಹಡಗಲಿಯಿಂದ ಬಂದ ಹೆಂಡತಿಯ ಕಡೆಯ ಹದಿನಾಲ್ಕು ಜನ. ಅವರು ಕುಸ್ತಿ ನೋಡಲು ಸ್ಟೀಲಿನ ಕೊಡ, ಗೋಡೆ ಗಡಿಯಾರ, ಹೊಸ ಚಾಪೆ ತಂದಿದ್ದರು. ಬಾಗಿಲಿಗೆ ಮಾವಿನೆಲೆ ಕಟ್ಟಿತ್ತು. ದೊಡ್ಡವ್ವ ಅವನ ತಲೆಯ ಮೇಲೆ ಕೈಯಿಟ್ಟು, "ಗೆದ್ದಿ ಬಿಡು ನನ್ನಪ್ಪ," ಎಂದಳು.

"ಇನ್ನೂ ಶುರು ಆಗಿಲ್ಲ ದೊಡ್ಡವ್ವ," ಎಂದ ಗುರುಬಸವರಾಜ.

ಮೂರು ಗಂಟೆಗೆ ಇಬ್ಬರು ಪೈಲ್ವಾನರು, ಒಬ್ಬ ಕೆಂಪು ಚಡ್ಡಿ ಒಬ್ಬ ನೀಲಿ ಚಡ್ಡಿ, ಕೈ ಕೈ ಹಿಡಿದರು. ಗುರುಬಸವರಾಜ ಎದ್ದು ನಿಂತು, ಉಚ್ಚಂಗೆಪ್ಪನ ಕುತ್ತಿಗೆ ಹಿಡಿದು ವಿವರಣೆ ಆರಂಭಿಸಿದ. ಸರಿಯಾಗಿ ಆಗಲೇ ಬಾಗಿಲಲ್ಲಿ ಗವಿಸಿದ್ದೇಶ ಕಾಣಿಸಿಕೊಂಡ. ಅವನ ಅಂಗಿ ಮುದ್ದೆಯಾಗಿತ್ತು. ಅವನ ಹಿಂದೆ ಹಸಿರು ಇಲಕಲ್ ಸೀರೆ ಉಟ್ಟ, ಹಣೆಗೆ ವಿಭೂತಿ ಹಚ್ಚಿದ, ಎಪ್ಪತ್ತರ ಆಚೆಯ ಮುದುಕಿಯೊಬ್ಬಳು ದೊಡ್ಡ ಕೈಚೀಲ ಹಿಡಿದು ನಿಂತಿದ್ದಳು.

"ನಮ್ಮ ಮನ್ಯಾಗ ಇರಾಂವ ಯಾಂವ ನಿಮ್ಮೊಳಗ?" ಎಂದಳು ಮುದುಕಿ.

ಅಂಜಿನಕ್ಕ ಗಂಗಾಂಬಿಕಾಳ ಭುಜ ಚಿವುಟಿದಳು. ಮುದುಕಿಯನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ವಯಸ್ಸಾದಾಕಿನ್ನ ಇಟ್ಟಾನೇನವ್ವಾ?" ಎಂದು ನಿರಾಸೆಯಿಂದ ಕೈ ತೆಗೆದಳು.

"ಯಾರಜ್ಜಿ ನೀವು?" ಎಂದ ಗುರುಬಸವರಾಜ, ಉಚ್ಚಂಗೆಪ್ಪನನ್ನು ಬಿಡದೆ.

"ನಾ ಗೌರಾಬಾಯಿ, ಸೊಲ್ಲಾಪುರದಾಕಿ. ಈ ತಮ್ಮ ಶುಕ್ರವಾರ ನಮ್ಮ ಮನೀಗಿ ಬಂದು, ಇದು ನಮ್ಮ ಮಾವನ ಮನಿ, ನೀವು ಬಾಡಿಗೀಗಿ ಅದೀರೇನು, ಅಡಿಗಿ ಮನಿ ತೋರಸ್ರಿ ಅಂದ."

"ನನ್ನ ಕೂಡಿ ಹಾಕಿದ್ರು ಮಾವಾ," ಎಂದ ಗವಿಸಿದ್ದೇಶ. "ಅಜ್ಜಿ ಮಕ್ಕಳು ಮೂರು ಮಂದಿ ಅದಾರ. ಹೊಟ್ಟಿ ತುಂಬ ಉಣ್ಣಾಕ ಹಾಕಿ ಕೂಡಿ ಹಾಕಿದ್ರು."

"ಕಳ್ಳ ಆದ್ರೇನು, ಉಪವಾಸ ಇಡ್ಲಿಕ್ಕ ಬರ್ತದೇನು?" ಎಂದಳು ಗೌರಾಬಾಯಿ. ಅವಳು ಚೀಲವನ್ನು ಟೀವಿಯ ಮುಂದೆ ಬೋರಲು ಹಾಕಿದಳು. ಲಕೋಟೆಗಳು, ಬಣ್ಣದ ಪುಸ್ತಿಕೆಗಳು, ದೀಪಾವಳಿ ಶುಭಾಶಯಗಳು ನೆಲದ ಮೇಲೆ ಗುಡ್ಡೆಯಾದವು. "ಎರಡು ವರ್ಷಾತು, ಟೀವಿ ಕಂಪನಿಯಿಂದ ನಮ್ಮ ಮನೀಗಿ ಟಪಾಲು ಬರ್ತಾವ. ಹೆಸರು ನೋಡಿದ್ರ ಒಬ್ಬಾಂವನೂ ನಮ್ಮಾಂವ ಅಲ್ಲ. ಇವರೆಲ್ಲಾ ಯಾರಂತ ನಾ ಕೇಳ್ತೀನಿ. ಹೆಸರು ಕರದ್ರ ಎದ್ದು ನಿಂದ್ರರಿ."

ಅವಳು ಕನ್ನಡಕ ಏರಿಸಿ, ಮೊದಲ ಲಕೋಟೆ ತೆಗೆದಳು. "ಎಂ. ಮರುಳಪ್ಪ, ಶಿಕ್ಷಕರು."

ಮೂವತ್ತು ವರ್ಷ ಹಾಜರಿ ಕರೆದ ಮನುಷ್ಯ. ತನ್ನ ಹೆಸರನ್ನು ಬೇರೆಯವರು ಕರೆದದ್ದೇ ತಡ, ಮೇಷ್ಟ್ರು ತಮಗರಿವಿಲ್ಲದೆ ಎದ್ದು ನಿಂತರು. ನಿಂತ ಮೇಲೆ ಕೂರಲಾಗಲಿಲ್ಲ.

"ಸಾರ್, ನೀವೂ ಸೊಲ್ಲಾಪುರದಾಗ ಅದೀರೇನು?" ಎಂದ ಗುರುಬಸವರಾಜ.

"ನಮ್ಮ ಮನಿಯಾಕಿ ಮರಾಠಿ ಅಡಿಗಿ ಕಾರ್ಯಕ್ರಮ ನೋಡ್ತಾಳ," ಎಂದರು ಮೇಷ್ಟ್ರು ಗೋಡೆ ಗಡಿಯಾರ ನೋಡುತ್ತ.

"ಉಚ್ಚಂಗೆಪ್ಪ, ಪಶು ಆಸ್ಪತ್ರಿ."

ಉಚ್ಚಂಗೆಪ್ಪ ಗುರುಬಸವರಾಜನ ಕಂಕುಳಿಂದಲೇ ಕೈ ಎತ್ತಿದ.

"ಶ್ರೀಮತಿ ಅಂಜಿನಮ್ಮ."

"ಅದು ಬ್ಯಾರೆ ಅಂಜಿನಮ್ಮ," ಎಂದಳು ಅಂಜಿನಕ್ಕ. ಗೌರಾಬಾಯಿ ಲಕೋಟೆಯ ಮೇಲಿನ ಫೋನ್ ನಂಬರ್ ಓದಿದಳು. ಅಂಜಿನಕ್ಕ ಕುಸಿದು ಕೂತಳು. ತನ್ನ ಡಬ್ಬಿ ಕೂರಿಸಿದಾಗ ಯರ್ರಿಸ್ವಾಮಿ ಯಾವ ಊರು ಬರೆದನೆಂದು ಅವಳು ಕೇಳಿರಲಿಲ್ಲ. "ಎರಡು ವರ್ಷ? ನಾನು? ನಾ ಯಾವಾಗ ಹೋದ್ನವ್ವಾ ಅಲ್ಲಿಗೆ?"

ನಲವತ್ತಮೂರು ಹೆಸರುಗಳಲ್ಲಿ ಒಂಬತ್ತು ಆ ಪಡಸಾಲೆಯಲ್ಲೇ ಎದ್ದು ನಿಂತವು. ಉಳಿದವರು ಕೊಟ್ಟೂರು, ಹರಪನಹಳ್ಳಿಗಳಲ್ಲಿ ನೆಮ್ಮದಿಯಿಂದ ಟೀವಿ ನೋಡುತ್ತಿರಬೇಕು. ದೊಡ್ಡಬೀರಪ್ಪ ಒಬ್ಬನೇ, ಟೀವಿ ಇಲ್ಲದವನು, ಕೂಡ್ಲಿಗಿಯ ನಿಜವಾದ ನಿವಾಸಿಯಾಗಿ ಚಾಪೆಯ ಮೇಲೆ ಕೂತಿದ್ದ. "ಕುಸ್ತಿ ನೋಡಾಕ ಬಿಡ್ರಿ ಅಜ್ಜಿ," ಎಂದ. ಯಾರೂ ಕೇಳಲಿಲ್ಲ.

"ಇರೂದಿರ್ರಿ, ನನಗೇನು ಭಾರ ಇಲ್ಲ," ಎಂದಳು ಗೌರಾಬಾಯಿ, ಗುರುಬಸವರಾಜ ಬಿಟ್ಟ ಕುರ್ಚಿಯಲ್ಲಿ ಕೂತು. "ಆದ್ರ ಹ್ವಾದ ತಿಂಗಳ ನಾ ಒಂದು ಕನೆಕ್ಷನ್ ಕೇಳಿದ್ರ ಕಂಪನಿ ಹುಡುಗಿ ಅಂತಾಳ, ಅಜ್ಜಿ, ನಿಮ್ಮ ಮನ್ಯಾಗ ನಲವತ್ತಮೂರು ಟೀವಿ ಅದಾವ, ಇನ್ನೊಂದ್ಯಾಕ ಬೇಕು ಅಂತ. ನಮ್ಮ ಮನ್ಯಾಗ ಒಂದೂ ಇಲ್ಲ! ಯಾರರೆ ಒಬ್ಬರು ಖಾಲಿ ಮಾಡ್ರಿ. ಅದಕ್ಕ ಬಂದೀನಿ."

ಒಂಬತ್ತು ಜನರೂ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ದಿನ ಒಂದೇ ಮನೆಯಲ್ಲಿದ್ದರೂ ಅವರಿಗೆ ಪರಸ್ಪರ ಪರಿಚಯವಿರಲಿಲ್ಲ. ಖಾಲಿ ಮಾಡಲು ಯಾರೂ ಸಿದ್ಧರಿರಲಿಲ್ಲ. ಮರುಳಪ್ಪ ಮೇಷ್ಟ್ರು ಕೆಮ್ಮಿ, ನಿಯಮದ ಪ್ರಕಾರ ಕೊನೆಗೆ ಬಂದವರು ಮೊದಲು ಬಿಡಬೇಕೆಂದರು.

"ನಿಯಮದ ಪ್ರಕಾರ ನಿಮ್ಮ ಹೆಸರೂ ಕೆಂಪು ಪೆನ್ನಿನ್ಯಾಗ ಬರೀಬೇಕು ಸಾರ್," ಎಂದ ಗುರುಬಸವರಾಜ. ಮೇಷ್ಟ್ರು ಮತ್ತೆ ಕೆಮ್ಮಿ ಗೋಡೆ ಗಡಿಯಾರದ ಕಡೆ ತಿರುಗಿದರು.

ದೊಡ್ಡಬೀರಪ್ಪ ಓಡಿಹೋಗಿ ಯರ್ರಿಸ್ವಾಮಿಯನ್ನು ಅಂಗಡಿಯಿಂದ ಎಬ್ಬಿಸಿ ತಂದ. ಯರ್ರಿಸ್ವಾಮಿ ಒಂದು ಕ್ಷಣ ಬಾಗಿಲಲ್ಲಿ ನಿಂತು ಗುಂಪನ್ನು, ಲಕೋಟೆಗಳನ್ನು, ಮುದುಕಿಯನ್ನು ನೋಡಿದ. ಅವನ ಮುಖದಲ್ಲಿ ನಾಚಿಕೆಯಾಗಲಿ ಭಯವಾಗಲಿ ಕಾಣಲಿಲ್ಲ. ಡಾಕ್ಟರ ಹಾಗೆ ಗೌರಾಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ: "ಅಜ್ಜಿ, ನಿಮಗ ಯಾವ ಭಾಷಿ ಚಾನೆಲ್ಲು ಬೇಕು?"

"ಕನ್ನಡದ್ದೋ. ನಮ್ಮ ಮನ್ಯಾಗ ನಾಕು ತಲಿಮಾರಿನಿಂದ ಕನ್ನಡ. ಟೀವಿಯೊಳಗರೆ ಕೇಳೂಣಂದ್ರ ಅಲ್ಲಿ ಕೊಡೂದಿಲ್ಲಂತಾರ."

ಯರ್ರಿಸ್ವಾಮಿ ನಿಟ್ಟುಸಿರು ಬಿಟ್ಟ. "ಹಂಗಾದ್ರ ತಪ್ಪು ನಿಮ್ದ ಅಜ್ಜಿ. ನೀವು ಸೊಲ್ಲಾಪುರದಾಗ ಇರಬಾರ್ದು. ಕೂಡ್ಲಿಗ್ಯಾಗ ಇರಬೇಕು."

ಅವನು ಜೇಬಿನಿಂದ ಅರ್ಜಿ ತೆಗೆದ. ಐದು ನಿಮಿಷದಲ್ಲಿ ಗೌರಾಬಾಯಿ ಕೂಡ್ಲಿಗಿಯ ಗುರುಬಸವರಾಜನ ಮನೆಯಲ್ಲಿ ಹನ್ನೆರಡು ವರ್ಷದಿಂದ ವಾಸವಿರುವುದಾಗಿ ಬರೆದು, ಅವಳಿಂದ ಸಹಿ ಹಾಕಿಸಿದ. ಯಾರೂ ಯಾವ ಮನೆಯನ್ನೂ ಖಾಲಿ ಮಾಡಬೇಕಾಗಲಿಲ್ಲ.

ಆಗ ಟೀವಿಯಲ್ಲಿ ಭಾರಿ ಗದ್ದಲವೆದ್ದಿತು. ಎಲ್ಲರೂ ಆ ಕಡೆ ತಿರುಗುವಷ್ಟರಲ್ಲಿ ಹಲ್ಲುಪುಡಿಯ ಜಾಹೀರಾತು ಬರುತ್ತಿತ್ತು.

"ಯಾರು ಗೆದ್ರು?" ಎಂದ ದೊಡ್ಡಬೀರಪ್ಪ, ಅಂಗಡಿಯ ಬೀಗದ ಕೈ ಹಿಂಡುತ್ತ.

"ಕೆಂಪು ಚಡ್ಡಿಯಾವ," ಎಂದ ಗುರುಬಸವರಾಜ ಅಧಿಕಾರವಾಣಿಯಲ್ಲಿ. "ಏನು ಪಟ್ಟು ಹಾಕಿದ ಅಂತೀರಿ!"

ಜಾಹೀರಾತು ಮುಗಿಯಿತು. ನೀಲಿ ಚಡ್ಡಿಯವನು ಬಹುಮಾನದ ಗದೆ ಎತ್ತಿ ಹಿಡಿದಿದ್ದ. ಗುರುಬಸವರಾಜ ತಡವರಿಸಲಿಲ್ಲ. "ಅದನ್ನ ನಾ ಹೇಳಿದ್ದು. ಕೆಂಪು ಚಡ್ಡಿಯಾವ ಹಾಕಿದ ಪಟ್ಟಿನಿಂದ ನೀಲಿಯಾವ ಗೆದ್ದ."

ಇಷ್ಟೆಲ್ಲ ನಡೆಯುವಾಗ ಅಡಿಗೆ ಮನೆಯ ಬಾಗಿಲಲ್ಲಿ ಗಂಗಾಂಬಿಕಾ ನಿಂತೇ ಇದ್ದಳು. ಅವಳ ಮುಖದಿಂದ ಎರಡಂತಸ್ತಿನ ಮನೆ ಒಂದೊಂದೇ ಕಲ್ಲಾಗಿ ಇಳಿಯುತ್ತಿದ್ದದ್ದನ್ನು ಗಂಡನೊಬ್ಬನನ್ನು ಬಿಟ್ಟು ಎಲ್ಲರೂ ನೋಡಿದರು. ಚಿಗಟೇರಿ ದೊಡ್ಡವ್ವ, ಕಿವಿ ಸ್ವಲ್ಪ ಮಂದವಾದ್ದರಿಂದ, ಎಲ್ಲರಿಗೂ ಕೇಳುವಂತೆ ಕೇಳಿದಳು: "ಹಂಗಾದ್ರ ಇವತ್ತು ಮನಿ ತುಂಬೋದು ಯಾರ್ದು? ಈ ಕೊಡ ಯಾರಿಗೆ ಕೊಡ್ಲಿ?"

ಗುರುಬಸವರಾಜನಿಗೆ ಮಾವಿನೆಲೆ, ಗಡಿಯಾರ, ತುಪ್ಪ, ಹೋಳಿಗೆ ಎಲ್ಲದರ ಅರ್ಥವೂ ಆಗ ಒಮ್ಮೆಲೇ ಹೊಳೆಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹೆಂಡತಿ ತನ್ನಿಂದ ಏನನ್ನೋ ನಿರೀಕ್ಷಿಸಿದ್ದಳು. ಅದೂ ಒಂದು ಮನೆಯನ್ನು.

ಗಂಗಾಂಬಿಕಾ ಮೂಗು ಸೀಟಿ, ಸೆರಗು ಸರಿಪಡಿಸಿಕೊಂಡಳು. "ಅಜ್ಜೀಗೆ ಕೊಡು ದೊಡ್ಡವ್ವ," ಎಂದಳು ಗಟ್ಟಿಯಾಗಿ. "ಅಜ್ಜಿ ನಮ್ಮ ಮನ್ಯಾಗ ವಾಸ ಅಂತ ಈಗ ಬರೆಸ್ಯಾರಲ್ಲ. ಮನಿ ತುಂಬೋದು ಅಜ್ಜೀದು. ಅಜ್ಜಿ, ಒಳಗ ಬರ್ರಿ, ಹಾಲು ಉಕ್ಕಸ್ರಿ."

ಗೌರಾಬಾಯಿ ಗಂಗಾಂಬಿಕಾಳ ಮುಖವನ್ನು ಒಂದು ಗಳಿಗೆ ನೋಡಿದಳು. ಏನು ತಿಳಿಯಿತೋ, ಏನೂ ಕೇಳದೆ ಎದ್ದು, ಬಲಗಾಲಿಟ್ಟು ಅಡಿಗೆ ಮನೆಗೆ ಹೋದಳು. ಹಾಲು ಉಕ್ಕಿತು. ದೊಡ್ಡಬೀರಪ್ಪ ಅಭ್ಯಾಸಬಲದಿಂದ ಎದ್ದು ಮೂವತ್ತೆರಡು ಜನಕ್ಕೂ ಚಹಾ ಮಾಡಿದ.

ಗೌರಾಬಾಯಿ ಎರಡು ದಿನ ತನ್ನ ಹೊಸ ಮನೆಯಲ್ಲಿದ್ದಳು. ಆ ಎರಡು ದಿನ ಗಂಗಾಂಬಿಕಾ ಗಂಡನೊಡನೆ ಮಾತಾಡಲಿಲ್ಲ, ತುಪ್ಪವನ್ನೂ ಬಡಿಸಲಿಲ್ಲ. ಮಂಗಳವಾರ ಬೆಳಿಗ್ಗೆ ಅವಳೂ ಒಂದು ಚೀಲ ಹಿಡಿದು ಬಾಗಿಲಿಗೆ ಬಂದಳು.

"ನೀ ಎಲ್ಲಿಗೆ?" ಎಂದ ಗುರುಬಸವರಾಜ.

"ಸೊಲ್ಲಾಪುರಕ್ಕ. ಹಿರೇಹಡಗಲಿ ತನಕ ಎಲ್ಲಾರಿಗೂ ನಮ್ಮ ಮನಿ ಐತಿ ಅಂತ ಹೇಳೀನಿ. ಒಂದು ಸಲ ನೋಡಿಯಾದ್ರೂ ಬರ್ತೀನಿ. ಅಜ್ಜಿ ಕರದಾಳ. ಎಂಟು ದಿನ ಇರ್ತೀನಿ. ಹಿಟ್ಟು ಡಬ್ಬ್ಯಾಗೈತಿ."

ರೊಟ್ಟಿ ತಟ್ಟುವುದು ಗುರುಬಸವರಾಜನಿಗೆ ಬಾರದ ವಿದ್ಯೆ. ಬುಧವಾರ ಬೆಳಿಗ್ಗೆ ಮನೆಯಿಂದ ಸುಟ್ಟ ವಾಸನೆ ಬಂದಾಗ ಅಂಜಿನಕ್ಕ ಹಿತ್ತಲಿಂದ ಇಣುಕಿದಳು. "ಗಂಗಾಂಬಿಕಾ ಎಲ್ರಿ?"

"ಸೊಲ್ಲಾಪುರದಾಗ ಅದಾಳ. ಗೌರಾಬಾಯಿ ಮನ್ಯಾಗ," ಎಂದ ಗುರುಬಸವರಾಜ. ಆ ಹದಿನೈದು ದಿನಗಳಲ್ಲಿ ಅವನು ಹೇಳಿದ ಮೊದಲ ಶುದ್ಧ ನಿಜ ಅದು.

ಅಂಜಿನಕ್ಕ ಕನಿಕರದಿಂದ ತಲೆಯಾಡಿಸಿದಳು. "ಇನ್ನ ಸೊಲ್ಲಾಪುರ ಸಾಕು ಮಾಡ್ರಿ. ಸಿಟ್ಟು ಮಾಡ್ಕೊಂಡು ತವರು ಕಡೆ ಹೋಗ್ಯಾಳ ಅನ್ರಿ, ಅದರಾಗೇನೈತಿ."

ಹತ್ತು ಗಂಟೆಗೆ ಬಸ್ ನಿಲ್ದಾಣಕ್ಕೆಲ್ಲ ಗೊತ್ತಾಯಿತು, ಕಂಟ್ರೋಲರ್ ಸಾಹೇಬರ ಹೆಂಡತಿ ಮನೆ ಬಿಟ್ಟು ಹರಪನಹಳ್ಳಿಯ ತಮ್ಮನ ಮನೆ ಸೇರಿದ್ದಾಳೆ ಎಂದು. ಗುರುಬಸವರಾಜ ಮೂರು ಸಲ ಸೊಲ್ಲಾಪುರ ಎಂದ. ಮೂರು ಸಲವೂ ಕಂಡಕ್ಟರುಗಳು ಅವನ ಬೆನ್ನು ತಟ್ಟಿದರು. ಮಧ್ಯಾಹ್ನ ಮರುಳಪ್ಪ ಮೇಷ್ಟ್ರು ಬಂದು ಪಟ್ಟಿಯಲ್ಲಿ ಅವನ ಹೆಸರನ್ನು ಸರಿಪಡಿಸಿದ್ದಾಗಿ ತಿಳಿಸಿ, ಹೆಂಡತಿಯದನ್ನು ಅವಳು ಮರಳಿ ಬಂದ ಮೇಲೆ ನೋಡೋಣವೆಂದರು. ನಾಲ್ಕು ಗಂಟೆಯ ಹರಪನಹಳ್ಳಿ ಬಸ್ಸಿನಲ್ಲಿ ಅವರೆಲ್ಲ ಸೇರಿ ಅವನಿಗೆ ಕಿಟಕಿ ಪಕ್ಕದ ಸೀಟು ಹಿಡಿದರು. ದೊಡ್ಡಬೀರಪ್ಪ ಒಂದು ಮೊಳ ಮಲ್ಲಿಗೆ ಕಟ್ಟಿಸಿ ಕೈಗಿಟ್ಟ. "ತಪ್ಪಾತು ಅನ್ರಿ, ಕರಕೊಂಡು ಬರ್ರಿ," ಎಂದ. ಗುರುಬಸವರಾಜ ಹೂವು ಹಿಡಿದುಕೊಂಡು ಕೂತ. ಬಸ್ಸು ಹೊರಟಿತು.

ಹರಪನಹಳ್ಳಿಯಲ್ಲಿ ಬಾಗಿಲು ತೆರೆದ ಗವಿಸಿದ್ದೇಶ, ಹೂವು ಹಿಡಿದು ನಿಂತ ಮಾವನನ್ನು ನೋಡಿ ಕಂಗಾಲಾದ. "ಅಕ್ಕ ಸೊಲ್ಲಾಪುರದಾಗ ಅದಾಳಲ್ಲ ಮಾವಾ?"

"ನನಗೂ ಗೊತ್ತೈತಿ," ಎಂದ ಗುರುಬಸವರಾಜ, ಚಪ್ಪಲಿ ಬಿಡುತ್ತ. "ಅದಿರ್ಲಿ, ಊಟಕ್ಕೇನು ಮಾಡ್ಯಾರ?"